ನಸುಕಿನ ಕಛೇರಿ ಹುಡುಕುತ್ತ: ಕುಂದಗೋಳದಿಂದ ಪುಣೆಯವರೆಗೆ

ಸೋಮವಾರ, ಕುಂದಗೋಳ

ಡಿಸೆಂಬರ್ ಬಂತೆಂದರೆ ಕಾಕಾ ಪುಣೆಯಲ್ಲಿ ನಡೆಯುವ ಹಿಂದುಸ್ತಾನಿ ಸಂಗೀತದ ಸವಾಯಿ ಗಂಧರ್ವ ಉತ್ಸವಕ್ಕೆ ಹೊರಡುವವರೇ. ಈ ಸಲ ಅವರ ಜೊತೆ ನಾನೂ ಹೊರಟೆ. ನೇರ ಪುಣೆಗೆ ಬೇಡ, ಕುಂದಗೋಳ, ಧಾರವಾಡ, ಮೀರಜ್ ಮುಟ್ಟಿಕೊಂಡು ಹೋಗೋಣ ಎಂದೆ. ದಾರಿಯಲ್ಲಿ ಸಿಕ್ಕ ಕೇಳುಗರಿಗೆಲ್ಲ ಒಂದು ಪ್ರಶ್ನೆ ಕೇಳಬೇಕೆಂದಿತ್ತು: ಎದುರಿಗೆ ಕೂತು ಕೇಳಿದ ಕಛೇರಿಗಳಲ್ಲಿ ನಿಮಗೆ ಎಲ್ಲಕ್ಕಿಂತ ದೊಡ್ಡದು ಯಾವುದು?

ಕಾಕಾ ಮೂಗು ಮುರಿದರು. “ಹಂಗ ಕೇಳಿದ್ರ ಮಂದಿ ದೊಡ್ಡ ದೊಡ್ಡ ಹೆಸರು ಹೇಳ್ತಾರ ತಮ್ಮಾ. ತಮಗೆಷ್ಟು ತಿಳೀತದ ಅಂತ ತೋರಸ್ಲಿಕ್ಕೆ. ಅದರ ಬದ್ಲಿ, ಆವತ್ತು ಮನೀಗೆ ಎಷ್ಟೊತ್ತಿಗೆ ಹೋದ್ರಿ ಅಂತ ಕೇಳು. ಖರೇ ಕಛೇರಿ ಅದರಾಗ ಸಿಗ್ತದ.”

ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಪ್ಯಾಸೆಂಜರ್ ಗಾಡಿ ಹಿಡಿದೆವು. ಬಸ್ಸಿಗೆ ಹೋಗಬಹುದಿತ್ತು. ಆದರೆ ಗಾಯಕಿ ಗಂಗೂಬಾಯಿ ಹಾನಗಲ್ಲರು ಕುಂದಗೋಳದ ಗಾಯಕ ಸವಾಯಿ ಗಂಧರ್ವರ ಹತ್ತಿರ ಹಾಡು ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರಲ್ಲ, ನಾವೂ ಅದೇ ಹಳಿಯ ಮೇಲೆ ಹೋಗಬೇಕು ಎಂಬುದು ಕಾಕಾರ ಹಟ. ಪಾಠ ಎಷ್ಟೇ ರಂಗೇರಿರಲಿ, ವಾಪಸ್ ಗಾಡಿಯ ಹೊತ್ತಿಗೆ ಗಂಗೂಬಾಯಿ ಏಳಲೇಬೇಕಿತ್ತು. ಭೀಮಸೇನ ಜೋಶಿ ಎಂಬ ಗದಗಿನ ಹುಡುಗನಿಗೆ ಆ ತೊಂದರೆ ಇರಲಿಲ್ಲ. ಆತ ಗುರುಗಳ ಮನೆಯಲ್ಲೇ ಇದ್ದ, ನೀರು ಹೊರುತ್ತಿದ್ದ. ಅವನಿಗೆ ಗುರುಗಳು ಹೇಳಿಕೊಟ್ಟದ್ದು ಮುಖ್ಯವಾಗಿ ಮೂರು ರಾಗ: ತೋಡಿ, ಮುಲ್ತಾನಿ, ಪೂರಿಯಾ. ಬೆಳಗಿನದೊಂದು, ಇಳಿಹೊತ್ತಿನದೊಂದು, ಮುಸ್ಸಂಜೆಯದೊಂದು. ಒಂದು ದಿನವನ್ನು ಹಾಡಲು ಬಂದರೆ ಉಳಿದದ್ದು ತಾನಾಗಿ ಬರುತ್ತದೆ ಎಂಬ ಲೆಕ್ಕವಿತ್ತೇನೋ. ಇದು ನನ್ನ ಊಹೆ, ಕಾಕಾ ಒಪ್ಪಲಿಲ್ಲ.

ನಾಡಗೀರ ವಾಡೆಯ ಮುಂದೆ ಕಾಕಾ ಚಪ್ಪಲಿ ಬಿಟ್ಟರು. ಒಳಗೆ ದೇವರ ಗುಡಿ ಏನಿಲ್ಲ. ಕಿರಾಣಾ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ಅಬ್ದುಲ್ ಕರೀಂ ಖಾನರು ಬಂದು ಇಳಿಯುತ್ತಿದ್ದ ಮನೆ ಇದು. ಕುಂದಗೋಳದ ರಾಮಭಾವು ಅವರ ಶಿಷ್ಯನಾಗಿ, ಸವಾಯಿ ಗಂಧರ್ವನಾಗಿ, 1952ರ ಸೆಪ್ಟೆಂಬರ್ 12ರಂದು ತೀರಿಕೊಂಡ ಮೇಲೆ ಅವರ ಪುಣ್ಯತಿಥಿಯ ಅಹೋರಾತ್ರಿ ಸಂಗೀತ ನಡೆದುಕೊಂಡು ಬಂದದ್ದೂ ಈ ವಾಡೆಯಲ್ಲೇ. ಪುಣೆಯ ಉತ್ಸವಕ್ಕೆ ಚಪ್ಪರ, ಪರದೆ, ಟಿಕೇಟು ಎಲ್ಲ ಇದೆ. ಇಲ್ಲಿ ಕಂಬಕ್ಕೆ ಬೆನ್ನು ಹಚ್ಚಿ ಕೂತರೆ ಹಾಡುವವರ ಉಸಿರು ಕೇಳುವಷ್ಟು ಜಾಗ.

ಓಣಿಯ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಗೆ ಮೊದಲ ಪ್ರಶ್ನೆ ಹಾಕಿದೆ.

“ಗಂಗೂಬಾಯಾರು ಹಾಡಿದ್ರು ನೋಡ್ರಿ. ನನಗ ರಾಗ ಗೀಗ ತಿಳಿಯಂಗಿಲ್ಲ. ಮದಲ ಗಣಮಗ ಹಾಡಾಕತ್ತಾನ ಅಂತ ತಿಳದಿದ್ದೆ. ಸರದು ನೋಡ್ತೀನಿ, ಹೆಣಮಗಳು! ಎಮ್ಮಿ ಹಿಂಡೂ ಹೊತ್ತಾತು. ಏಳಬೇಕು ಏಳಬೇಕು ಅಂತೀನಿ, ಕಾಲು ಏಳವಲ್ವು.”

“ಆಮ್ಯಾಲ ಎಮ್ಮಿ?”

“ಒದರಿ ಒದರಿ ತಾನ ಸುಮ್ನಾತು. ಅತ್ತಿ ಕಡೆ ಬೈಸ್ಕೊಂಡೆ.”

ಗಂಟಲಿಗೆ ಚಿಕಿತ್ಸೆಯಾದ ಮೇಲೆ ಗಂಗೂಬಾಯಿಯವರ ದನಿ ಗಡುಸಾಗಿ ಇಳಿದಿತ್ತು. ಆ ದನಿಯನ್ನು ಮುಚ್ಚಿಕೊಳ್ಳದೆ ಅದನ್ನೇ ತಮ್ಮ ಗುರುತು ಮಾಡಿಕೊಂಡವರು ಅವರು. ಕಾಕಾ ಆ ಹೊತ್ತಿಗೆ ಯಾವ ರಾಗ ಇದ್ದೀತು ಎಂದು ಲೆಕ್ಕ ಹಾಕತೊಡಗಿದರು. “ತೋಡಿ ಇರಬೇಕು. ಇಲ್ಲಾ ಜೋಗಿಯಾ.”

“ಏನರ ಇರ್ಲಿ ಬಿಡ್ರಿ” ಎಂದು ಅಜ್ಜಿ ಎದ್ದು ಒಳಗೆ ಹೋದಳು.

ಮಂಗಳವಾರ, ಧಾರವಾಡ

ಮಲ್ಲಿಕಾರ್ಜುನ ಮನಸೂರರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ. ಮನಸೂರರು ಜಯಪುರ ಅತ್ರೌಲಿ ಘರಾಣೆಯವರು, ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭೂರ್ಜಿ ಖಾನರ ಶಿಷ್ಯ. ನಾವು ಹಿಡಿದ ಕಿರಾಣಾ ದಾರಿಗೆ ನೇರ ಸಂಬಂಧವಿಲ್ಲ. ಆದರೆ ಧಾರವಾಡಕ್ಕೆ ಬಂದು ಈ ಮನೆ ಬಿಟ್ಟು ಹೋಗುವುದುಂಟೆ? ಅಲ್ಲದೆ ಮನಸೂರರು ತೀರಿಕೊಂಡದ್ದು 1992ರ ಸೆಪ್ಟೆಂಬರ್ 12ರಂದು, ಸವಾಯಿ ಗಂಧರ್ವರು ಹೋಗಿ ಸರಿಯಾಗಿ ನಾಲ್ವತ್ತು ವರ್ಷಕ್ಕೆ. ಒಂದೇ ಸೀಮೆಯ ಇಬ್ಬರು ದೊಡ್ಡ ಗಾಯಕರಿಗೆ ಒಂದೇ ತಿಥಿ ನೆನಪಿಟ್ಟುಕೊಂಡರೆ ಸಾಕು.

ಸಂಜೆ ಕಾಕಾರ ಗೆಳೆಯರೊಬ್ಬರ ಮನೆಗೆ ಹೋದೆವು. ನಿವೃತ್ತ ಪ್ರಾಧ್ಯಾಪಕರು. ನನ್ನ ಪ್ರಶ್ನೆ ಮುಗಿಯುವ ಮೊದಲೇ ಅವರ ಉತ್ತರ ಶುರುವಾಗಿತ್ತು.

“ಮನಸೂರ ಬುವಾ. ಒಬ್ಬರ ಮನೀ ನಡುಮನ್ಯಾಗ ಬೈಠಕ್ ಇತ್ತು. ನಾವು ಮೂವತ್ತು ಮಂದಿ ಇದ್ದಿದ್ವೋ ಇಲ್ಲೋ. ಕರೆಂಟ್ ಹೋತು. ಕಂದೀಲು ತಂದಿಟ್ರು. ಮೈಕ್ ಹೆಂಗೂ ಇರಲಿಲ್ಲ. ಬುವಾ ತಂಬೂರಿ ಶ್ರುತಿ ಮಾಡಿಸಿ ಕಣ್ಣು ಮುಚ್ಚಿದ್ರು ನೋಡ್ರಿ, ಎರಡನೇ ಉಸಿರಿಗೆ ರಾಗ ಎದುರಿಗೆ ನಿಂತಿತ್ತು.”

ಮನಸೂರರ ಬಗೆಗೆ ಕೇಳುಗರು ಹೇಳುವುದೆಲ್ಲ ಹೆಚ್ಚುಕಡಿಮೆ ಇದೇ. ಕಿರಾಣಾದವರ ಹಾಗೆ ಒಂದೊಂದೇ ಸ್ವರವನ್ನು ನಿಧಾನಕ್ಕೆ ಬೆಳೆಸಿ, ಷಡ್ಜದಿಂದ ಮಂದ್ರಕ್ಕೆ ಇಳಿದು, ಅರ್ಧ ತಾಸಿನ ಮೇಲೆ ಪಂಚಮ ಮುಟ್ಟುವ ಬಗೆಯವರಲ್ಲ ಅವರು. ನೇರ ಬಂದಿಶ್, ಅಂದರೆ ರಾಗದಲ್ಲಿ ಕಟ್ಟಿದ ಹಾಡು, ಎತ್ತಿಕೊಂಡು ತಾಳದ ಒಳಗೇ ರಾಗ ಕಟ್ಟುವವರು. ಆ ರಾಗಗಳಾದರೂ ಎಂಥವು! ಸಂಪೂರ್ಣ ಮಾಲಕಂಸ, ಬಿಹಾರಿ, ಶುದ್ಧ ನಟ್, ಏಕ ನಿಷಾದ ಬಿಹಾಗಡಾ, ಶಿವಮತ ಭೈರವ. ಬೇರೆಯವರು ಹೆಸರು ಹೇಳಲೂ ಅನುಮಾನಿಸುವ ರಾಗಗಳನ್ನು ಅವರು ಯಮನ್ ಹಾಡಿದಷ್ಟು ಸಲೀಸಾಗಿ ಹಾಡುತ್ತಿದ್ದರು.

ಪ್ರಾಧ್ಯಾಪಕರು ಅಂದು ಹಾಡಿದ ರಾಗಗಳ ಪಟ್ಟಿ ಕೊಟ್ಟರು. ಮೂರನೆಯದಕ್ಕೆ ಬಂದಾಗ ಕಾಕಾ ತಡೆದರು. ಅವರೂ ಆ ಬೈಠಕ್ಕಿನಲ್ಲಿದ್ದರಂತೆ! ನನಗದು ಆಗಲೇ ಗೊತ್ತಾದದ್ದು. ಬಿಹಾರಿ ಎಂದರು ಪ್ರಾಧ್ಯಾಪಕರು, ಅದು ಬೇರೆ ದಿನದ್ದು ಎಂದರು ಕಾಕಾ. ಒಬ್ಬರ ಪ್ರಕಾರ ಕಂದೀಲು ಒಂದೇ, ಇನ್ನೊಬ್ಬರ ಪ್ರಕಾರ ಎರಡು. ತಬಲಾ ಯಾರದು ಎಂಬುದರ ಮೇಲೂ ಜಗಳ. ಒಂದು ಮಾತಿಗೆ ಮಾತ್ರ ಇಬ್ಬರಲ್ಲೂ ತಕರಾರಿರಲಿಲ್ಲ.

“ಮನೀ ಮುಟ್ಟಿದಾಗ?” ಎಂದು ಕೇಳಿದೆ.

“ಐದೂವರಿ. ನಡಕೋತ ಬಂದ್ವಿ. ಹಾಲಿನವರು ಎದುರಾದ್ರು” ಎಂದರು ಪ್ರಾಧ್ಯಾಪಕರು. ಕಾಕಾ ತಲೆಯಾಡಿಸಿದರು.

ಪಟ್ಟಿ ತಪ್ಪಿದ್ದರೆ ನೆನಪೂ ತಪ್ಪು ಎಂದು ನಾನು ಅಂದುಕೊಳ್ಳುವುದಿಲ್ಲ. ಒಂದೇ ಕೋಣೆಯಲ್ಲಿ ಕೂತ ಇಬ್ಬರು ಎರಡು ಕಛೇರಿ ಕೇಳಿರುವುದು ಸಾಧ್ಯ. ಧ್ವನಿಮುದ್ರಿಕೆಯೊಂದು ಇದ್ದಿದ್ದರೆ ಇಬ್ಬರಲ್ಲೊಬ್ಬರು ಸೋಲುತ್ತಿದ್ದರು, ಪುಣ್ಯಕ್ಕೆ ಇಲ್ಲ.

ಬುಧವಾರ, ಮೀರಜ್

ಬೆಳಗಾವಿ ದಾಟಿದ ಮೇಲೆ ಸುಳೇಭಾವಿ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ಕಿಟಕಿಯ ಪಕ್ಕ ಕೂತಿದ್ದ ನನ್ನನ್ನು ಕಾಕಾ ಮೊಣಕೈಯಿಂದ ತಿವಿದರು. 1924ರಲ್ಲಿ ಈ ಊರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಹುಡುಗ ಕುಮಾರ ಗಂಧರ್ವನಾದದ್ದು. ಕ್ಷಯ ಹಿಡಿದು, ಹಲವು ವರ್ಷ ಹಾಡಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿ, ಒಂದು ಶ್ವಾಸಕೋಶ ಹಾಳಾದ ಮೇಲೂ ಎದ್ದು ಬಂದು ಹಾಡಿದವರು. ಉಳಿದ ಉಸಿರಿಗೆ ತಕ್ಕಂತೆ ಗಾಯನವನ್ನೇ ಬೇರೆ ರೀತಿ ಕತ್ತರಿಸಿಕೊಂಡರು. ಗಾಡಿ ನಿಲ್ಲಲಿಲ್ಲ. ಕಾಕಾ ಕೂತಲ್ಲಿಂದಲೇ ಕೈ ಮುಗಿದರು. ಎದುರು ಸೀಟಿನವ ಗುಡಿ ಎಲ್ಲಿದೆ ಎಂದು ಹೊರಗೆ ಹಣಕಿ ನೋಡಿದ.

ಇದೇ ದಾರಿಯಲ್ಲಿ ಮೊದಲು ಮೀಟರ್ ಗೇಜ್ ಇತ್ತು. ಪುಣೆ ಕಡೆಯದು ಬ್ರಾಡ್ ಗೇಜ್ ಆದ ಮೇಲೂ ನಮ್ಮ ಕಡೆಯದು ವರ್ಷಗಟ್ಟಲೆ ಹಾಗೇ ಉಳಿದಿತ್ತು. ಹುಬ್ಬಳ್ಳಿ ಧಾರವಾಡದಿಂದ ಪುಣೆಗೆ ಹೋಗುವ ಸಂಗೀತದ ಹುಚ್ಚರೆಲ್ಲ ಮೀರಜಿನಲ್ಲಿ ಇಳಿದು ಗಾಡಿ ಬದಲಿಸಬೇಕು. ಹಾಸಿಗೆ ಸುತ್ತಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ಕಾಯುವಾಗ ಹೋದ ವರ್ಷದ ಕಛೇರಿಗಳ ಪೋಸ್ಟ್‌ಮಾರ್ಟಂ ನಡೆಯುತ್ತಿತ್ತಂತೆ. “ಉತ್ಸವ ಅಲ್ಲೇ ಸುರು ಆಗ್ತಿತ್ತು” ಎಂದರು ಕಾಕಾ. ಈಗ ನೇರ ಗಾಡಿಗಳಿವೆ, ಯಾರೂ ಮೀರಜಿನಲ್ಲಿ ಇಳಿಯುವುದಿಲ್ಲ. ನಾವು ಇಳಿದೆವು.

ಸ್ಟೇಷನ್ನಿನಿಂದ ಮೀರಾಸಾಹೇಬ ದರ್ಗಾಕ್ಕೆ. ಅಬ್ದುಲ್ ಕರೀಂ ಖಾನರ ಸಮಾಧಿ ಇಲ್ಲಿದೆ. 1937ರ ಅಕ್ಟೋಬರ್ 27ರಂದು ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದ ಅವರು ದಾರಿಯಲ್ಲಿ ಮೈಗೆ ನೆಟ್ಟಗಿಲ್ಲವೆಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ತೀರಿಕೊಂಡರು. ದೇಹ ಇಲ್ಲಿಗೆ ಬಂತು. ಉತ್ತರದ ಕೈರಾನಾದಲ್ಲಿ ಹುಟ್ಟಿ, ಮೈಸೂರು ಅರಮನೆಯಲ್ಲಿ ಹಾಡಿ, ಕರ್ನಾಟಕ ಸಂಗೀತವನ್ನು ಗಂಭೀರವಾಗಿ ಕಲಿತು, ತ್ಯಾಗರಾಜರ ಕೃತಿಯ ಗ್ರಾಮಫೋನ್ ರೆಕಾರ್ಡು ಕೂಡ ಕೊಟ್ಟ ಮನುಷ್ಯ. ಗದಗಿನ ಹುಡುಗ ಭೀಮಸೇನ ಮನೆ ಬಿಟ್ಟು ಓಡಿದ್ದು ಇವರ ರೆಕಾರ್ಡು ಕೇಳಿಯೇ. ಪ್ರತಿ ವರ್ಷ ಉರುಸಿನಲ್ಲಿ ಖಾನರ ನೆನಪಿಗೆ ಇಲ್ಲಿ ಸಂಗೀತ ಸಭೆ ನಡೆಯುತ್ತದೆ. ನಾವು ಹೋದಾಗ ಅಂಗಳ ಖಾಲಿ. ಒಬ್ಬ ಹುಡುಗ ಸೈಕಲ್ಲು ಕಲಿಯುತ್ತಿದ್ದ.

ಆಮೇಲೆ ಸಿತಾರ್ ಮಾಡುವವರ ಗಲ್ಲಿ. ಮೀರಜಿನ ಸಿತಾರ್, ತಂಬೂರಿಗಳಿಗೆ ಈಚೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಸೋರೆಬುರುಡೆಗಳು ಪಂಢರಪುರದ ಕಡೆಯಿಂದ ಬರುತ್ತವೆ. ತಿನ್ನುವ ಸೋರೆಕಾಯಿ ಬೇರೆ, ಇದರ ಸಿಪ್ಪೆ ದಪ್ಪ. ತಿಂಗಳುಗಟ್ಟಲೆ ಒಣಗಿಸಿ, ನೆನೆಸಿ, ಒಳಗಿನ ತಿರುಳು ಕೆರೆದು ತೆಗೆಯಬೇಕು. ಅಂಗಡಿಯ ಹಿರಿಯರು ಒಂದು ತಂಬೂರಿಯ ಜವಾರಿ, ಅಂದರೆ ಅದರ ಝೇಂಕಾರ, ತೆಗೆಯುತ್ತಿದ್ದರು. ತಂತಿ ಕೂರುವ ಕುದುರೆಯ ಮೇಲ್ಮೈ ಅಗಲ, ನೋಡಲು ಸಪಾಟು, ಆದರೆ ಬಹಳ ಸೂಕ್ಷ್ಮವಾಗಿ ಇಳಿಜಾರು. ತಂತಿ ಮಿಡಿದಾಗ ಆ ಮೇಲ್ಮೈಗೆ ಸವರಿಕೊಂಡು ಕಂಪಿಸಬೇಕು. ಆಗ ಒಂದೇ ತಂತಿಯಿಂದ ಮೇಲಿನ ಸ್ವರಗಳೂ ಒಂದರ ಹಿಂದೊಂದು ಬಿಚ್ಚಿಕೊಳ್ಳುತ್ತವೆ. ತಂತಿಯ ಕೆಳಗೆ ಒಂದು ಹತ್ತಿಯ ಎಳೆ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ದನಿ ಸಾಯುತ್ತದೆ ಅಥವಾ ಬದುಕುತ್ತದೆ. ಅವರು ಕಾನಸಿನಿಂದ ಒಂದು ಸಲ ಉಜ್ಜುವುದು, ತಂತಿ ಏರಿಸುವುದು, ಕೇಳುವುದು, ಮತ್ತೆ ಇಳಿಸುವುದು. ಇದನ್ನೇ ಮಾಡುತ್ತಿದ್ದರು.

ನನ್ನ ಪ್ರಶ್ನೆಗೆ ಅವರ ಉತ್ತರ ಯಾವ ದಾರಿಗೂ ಬರಲಿಲ್ಲ. ಮರಾಠಿ, ಕನ್ನಡ, ಹಿಂದಿ ಕಲಸಿ ಅವರು ಹೇಳಿದ್ದು ಇಷ್ಟು: ದೊಡ್ಡ ಗಾಯಕರೊಬ್ಬರ ಕಛೇರಿಗೆ ತಾವು ಜವಾರಿ ತೆಗೆದ ತಂಬೂರಿ ಜೋಡಿ ಹೋಗಿತ್ತು. ಕೇಳಲು ಹೋದರು. ಮೊದಲ ಅರ್ಧ ತಾಸು ತಂಬೂರಿಯನ್ನಷ್ಟೇ ಕೇಳಿದರು. ಎಡಗಡೆಯದರ ಪಂಚಮ ಸ್ವಲ್ಪ ಇಳಿಯುತ್ತಿದೆ ಅನ್ನಿಸಿತು. ಅದನ್ನು ಹೇಗೆ ಸರಿ ಮಾಡುವುದೆಂದು ಯೋಚಿಸುತ್ತ ಉಳಿದದ್ದೂ ಮುಗಿಯಿತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಆ ಗಾಯಕರು ಏನು ಹಾಡಿದರು?

“ಕ್ಯಾ ಮಾಲೂಮ್” ಎಂದು ನಕ್ಕರು. “ಆದರ ತಂಬೂರಿ? ಆಹಾ.”

ಕಾಕಾ ಈ ಉತ್ತರಕ್ಕೆ ಬಹಳ ಹೊತ್ತು ತಲೆದೂಗಿದರು.

ಗುರುವಾರ, ಪುಣೆ

ನಿನ್ನೆಯೇ ಉತ್ಸವ ಶುರುವಾಗಿದೆ. ಮೀರಜಿಗಾಗಿ ಮೊದಲ ದಿನ ಬಿಟ್ಟದ್ದಕ್ಕೆ ಕಾಕಾ ದಾರಿಯುದ್ದಕ್ಕೂ ಗೊಣಗಿದರು.

ಗುರುವಿನ ಮೊದಲ ಪುಣ್ಯತಿಥಿಗೆಂದು ಭೀಮಸೇನರು 1953ರಲ್ಲಿ ಶುರು ಮಾಡಿದ ಉತ್ಸವ ಇದು. 2011ರ ಜನವರಿಯಲ್ಲಿ ಅವರೂ ಹೋದ ಮೇಲೆ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಎಂದಾಯಿತು. ಕಾಕಾ ಮೊದಲು ಬಂದಾಗ ರೇಣುಕಾ ಸ್ವರೂಪ ಶಾಲೆಯ ಮೈದಾನ, ನಂತರ ರಮಣಬಾಗ್, ಈಗ ಮುಕುಂದನಗರದ ದೊಡ್ಡ ಬಯಲು. ಮೈದಾನ ಬದಲಾದಂತೆ ಚಪ್ಪರ ದೊಡ್ಡದಾಗಿದೆ, ವೇದಿಕೆ ದೂರ ಹೋಗಿದೆ, ಹಾಡುವವರ ಮುಖ ಪರದೆಯ ಮೇಲೆ ಹತ್ತಿರ ಬಂದಿದೆ. ಕುರ್ಚಿಗಳಿವೆ. ಆದರೆ ಉತ್ಸವದ ಜೀವ ಇರುವುದು ನೆಲದ ಬೈಠಕ್ಕಿನಲ್ಲಿ. ಸಾವಿರಾರು ಜನ ಚಾದರ ಹಾಸಿಕೊಂಡು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರುತ್ತಾರೆ. ಗಾಯಕ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದಾಗ ಅಷ್ಟೂ ತಲೆಗಳು ಒಂದೇ ಸಲ ಕೆಳಗಿಳಿಯುವುದನ್ನು ಹಿಂದಿನಿಂದ ನೋಡಬೇಕು. ಜೋಳದ ಹೊಲದ ಮೇಲೆ ಗಾಳಿ ಹಾದ ಹಾಗೆ.

ನಮ್ಮ ಪಕ್ಕದ ಚಾದರದಲ್ಲಿ ಸಾಫ್ಟ್‌ವೇರ್ ಕಂಪನಿಯ ಹುಡುಗಿಯೊಬ್ಬಳಿದ್ದಳು, ಬೆಳಗಾವಿಯವಳು, ಕನ್ನಡ ಕೇಳಿ ತಾನಾಗಿ ಮಾತಿಗೆ ಬಂದಳು. ಅವಳ ಜೀವಮಾನದ ಕಛೇರಿ? ಕಾಕಾರ ಮುಖ ನೋಡಿ ಸ್ವಲ್ಪ ಅನುಮಾನಿಸಿದಳು. ಆಮೇಲೆ ಹೇಳಿಯೇಬಿಟ್ಟಳು: 2025ರ ಜನವರಿ, ಅಹಮದಾಬಾದ್, ಕೋಲ್ಡ್‌ಪ್ಲೇ.

ಸ್ಟೇಡಿಯಮ್ಮಿನಲ್ಲಿ ಲಕ್ಷಕ್ಕಿಂತ ಹೆಚ್ಚು ಜನ. ಪ್ರತಿಯೊಬ್ಬರ ಮಣಿಕಟ್ಟಿಗೆ ಒಂದು ಪಟ್ಟಿ. ಅದರ ದೀಪ ಹಾಡಿಗೆ ತಕ್ಕಂತೆ ದೂರದಿಂದಲೇ ಹತ್ತಿ ಆರುತ್ತದೆ, ಬಣ್ಣ ಬದಲಿಸುತ್ತದೆ. “ಕೇಳ್ಲಿಕ್ಕೆ ಹೋದವರೇ ದೀಪ ಆಗಿಬಿಡ್ತೀವಿ ಅಂಕಲ್.” ಕಾಕಾ ಬೈಯುತ್ತಾರೆಂದು ನಾನು ಕಾದೆ. ಅವರು ಕೇಳಿದ್ದು ಬೇರೆ: “ಅಷ್ಟು ಮಂದಿ ಒಮ್ಮೆ ಸುಮ್ನಾದ್ರೇನು?”

ಅವಳು ಯೋಚಿಸಿದಳು. ಒಂದು ಹಾಡಿಗೆ ಮೊದಲು ಗಾಯಕ ಎಲ್ಲರಿಗೂ ಫೋನು ಒಳಗಿಡಲು ಹೇಳಿದನಂತೆ. ಈ ಒಂದು ಹಾಡು ಯಾವ ಕ್ಯಾಮೆರಾಗೂ ಬೇಡ ಎಂದು. ಅವಳ ಹತ್ತಿರ ಆ ರಾತ್ರಿಯ ಎಷ್ಟೋ ವೀಡಿಯೊಗಳಿವೆ, ನೋಡುವುದೇ ಇಲ್ಲ. ನೆನಪಿರುವುದು ವೀಡಿಯೊ ಇಲ್ಲದ ಆ ಹಾಡು.

“ಹಂಗಾದ್ರ ಅದು ಕಛೇರೀನ” ಎಂದು ಕಾಕಾ ತೀರ್ಪು ಕೊಟ್ಟರು. ನಿನ್ನೆ ಮೀರಜಿನವರಿಗೆ ಕೊಟ್ಟಷ್ಟೇ ಉದಾರವಾಗಿ.

ಹತ್ತಕ್ಕೆ ಎರಡು ನಿಮಿಷ ಇರುವಾಗ ವೇದಿಕೆಯ ಮೇಲಿನ ಸರೋದ್ ವಾದಕ ಕೊನೆಯ ವೇಗದ ಭಾಗವಾದ ಝಾಲಾ ಮುಗಿಸಿದ. ಮುಗಿಸಿದ ಎಂಬುದಕ್ಕಿಂತ ನಿಲ್ಲಿಸಿದ ಎಂಬುದೇ ಸರಿ. ಅದಕ್ಕೂ ಮೊದಲಿನ ಜೋಡ್ ಇನ್ನೂ ಬಿಚ್ಚಿಕೊಳ್ಳುತ್ತಿರುವಾಗಲೇ ಅವನ ಕಣ್ಣು ಎರಡು ಸಲ ಗಡಿಯಾರದ ಕಡೆ ಹೋಗಿತ್ತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ವರ್ಷಕ್ಕೆ ಹದಿನೈದು ದಿನ ಮೀರದಂತೆ, ಮಧ್ಯರಾತ್ರಿವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. 2005ರಲ್ಲಿ ಸುಪ್ರೀಂ ಕೋರ್ಟು ಇದನ್ನು ಗಟ್ಟಿ ಮಾಡಿತು. ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿಯಿಡೀ ಡಿಜೆ ಕೇಳುತ್ತ ಮಲಗಿದ ರೋಗಿಯ ಪಕ್ಕ ಕೂತವರಿಗೆ ಅದರ ಬೆಲೆ ಗೊತ್ತು. ಆದರೆ ಅದರಿಂದ ಸಂಗೀತದಲ್ಲಿ ಏನಾಯಿತು ಎಂಬುದನ್ನು ಹೇಳದೆ ಇರಲಾಗದು. ಹಿಂದುಸ್ತಾನಿ ಪದ್ಧತಿಯ ರಾಗಗಳು ಪ್ರಹರಕ್ಕೆ, ಅಂದರೆ ದಿನದ ಇಂಥದೇ ಹೊತ್ತಿಗೆ, ಕಟ್ಟುಬಿದ್ದವು. ಹತ್ತಕ್ಕೆ ಬಾಗಿಲು ಹಾಕಿದರೆ ಮಾಲಕಂಸ, ದರ್ಬಾರಿಗಳು ಹೊಸ್ತಿಲ ಮೇಲೇ ನಿಲ್ಲುತ್ತವೆ. ನಸುಕಿನ ಲಲಿತ, ಭಟಿಯಾರ್, ಜೋಗಿಯಾಗಳು ಬಯಲು ಚಪ್ಪರಗಳಿಂದ ಹೊರಗೇ ಉಳಿದವು. ನನ್ನ ವಯಸ್ಸಿನವರು ಲಲಿತವನ್ನು ಹೆಚ್ಚಾಗಿ ಕೇಳಿರುವುದು ಫೋನಿನಲ್ಲಿ, ಬಸ್ಸಿನಲ್ಲಿ, ಮಟಮಟ ಮಧ್ಯಾಹ್ನ.

ಶುಕ್ರವಾರ, ಪುಣೆ

ಬೆಳಿಗ್ಗೆ ಸವಾಯಿ ಗಂಧರ್ವ ಸ್ಮಾರಕದಲ್ಲಿ ‘ಷಡ್ಜ’. ಸಂಗೀತಗಾರರ ಬಗೆಗಿನ ಸಾಕ್ಷ್ಯಚಿತ್ರಗಳನ್ನು ತೋರಿಸುತ್ತಾರೆ. ಕಪ್ಪುಬಿಳುಪು ತೆರೆಯಲ್ಲಿ ಹಳಬರು ನಗುವುದನ್ನು ನೋಡುವುದೇ ಒಂದು ಸುಖ.

ಸಂಜೆಯದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಒಬ್ಬ ಗಾಯಕಿ ಪೂರಿಯಾ ಚೆನ್ನಾಗಿ ಎತ್ತಿಕೊಂಡಳು, ಹೊತ್ತೂ ಒದಗಿತ್ತು. ಆದರೆ ತಬಲಾದವನಿಗೆ ಚಪ್ಪಾಳೆಯ ಹಸಿವು. ಆಕೆ ಒಂದು ಸ್ವರದ ಮೇಲೆ ನಿಂತಾಗಲೆಲ್ಲ ಆತ ತಿಹಾಯಿ, ಅಂದರೆ ಮೂರು ಸಲ ಮರಳುವ ಬೋಲು, ಹೊಡೆದು ಅದನ್ನು ಮುರಿದ. ಕಾಕಾ ಶಾಲು ಹೊದ್ದು ಎದ್ದರು. ಅವರು ಮಧ್ಯದಲ್ಲಿ ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಶನಿವಾರ, ಪುಣೆ

ಶನಿವಾರದ ವಿಶೇಷವೆಂದರೆ ಮಧ್ಯರಾತ್ರಿವರೆಗೆ ಪರವಾನಗಿ. ಇಡೀ ಮೈದಾನಕ್ಕೆ ಅದರ ನಶೆ ಏರಿರುತ್ತದೆ. ಹತ್ತು ದಾಟಿದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು, ಶಾಲೆಗೆ ಚಕ್ಕರ್ ಹೊಡೆದ ಹುಡುಗರು ನಗುವ ನಗೆ ಅದು.

ಹತ್ತೂಕಾಲಿಗೆ ಕೂತ ಗಾಯಕನ ಹೆಸರು ಬರೆಯುವುದಿಲ್ಲ. ಪುಣೆಯಲ್ಲಿ ಅರ್ಧ ಜನಕ್ಕೆ ಆತ ಕಣ್ಮಣಿ, ಇನ್ನರ್ಧಕ್ಕೆ ಆಗದು. ದರ್ಬಾರಿ ಕಾನಡಾ ಶುರು ಮಾಡಿದ. ಆ ರಾಗದ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ. ತನ್ನ ಜಾಗದ ಸುತ್ತ ನಿಧಾನವಾಗಿ ತೂಗುತ್ತ ಇರಬೇಕು, ಅವಸರಪಟ್ಟರೆ ಅಡಾಣಾ ಎಂಬ ಬೇರೆ ರಾಗವೇ ಆಗಿಬಿಡುವ ಭಯ. ಸಂಜೆ ಏಳಕ್ಕೆ ಇದೇ ರಾಗವನ್ನು ನಾನು ಎಷ್ಟೋ ಸಭಾಭವನಗಳಲ್ಲಿ ಕೇಳಿದ್ದೇನೆ. ಹೊರಗೆ ಹಾರ್ನು, ಒಳಗೆ ಊಟಕ್ಕೆ ಹೊತ್ತಾಯಿತೆಂಬ ಚಡಪಡಿಕೆ. ಇವತ್ತು ಹೊರಗಿನ ರಸ್ತೆ ತಣ್ಣಗಾಗಿತ್ತು. ಮೈ ದಣಿದಿತ್ತು. ಆ ದಣಿವಿನಲ್ಲೇ ಗಾಂಧಾರ ಬಂದು ಕೂತಿತು. ರಾಗಕ್ಕೆ ಹೊತ್ತು ಎಂಬುದು ಬರೀ ಶಾಸ್ತ್ರವಿರಲಾರದು. ಕೇಳುವವನ ಮೈ ಆ ಹೊತ್ತಿಗೆ ಎಷ್ಟು ಸಡಿಲಾಗಿದೆ ಎಂಬ ಲೆಕ್ಕವೂ ಅದರಲ್ಲಿದ್ದೀತು. ಹನ್ನೊಂದೂವರೆಗೆ ಆತ ಮಂದ್ರ ಪಂಚಮಕ್ಕೆ ಇಳಿದು ನಿಂತಾಗ ನನ್ನ ಹಿಂದಿನ ಸಾಲಿನಲ್ಲಿ ಒಬ್ಬರು ಅತ್ತರು. ನಾನು ತಿರುಗಿ ನೋಡಲಿಲ್ಲ.

ಹನ್ನೆರಡಕ್ಕೆ ಎಲ್ಲ ಮುಗಿದು, ರಿಕ್ಷಾ ಸಿಗದೆ, ಉಳಿದುಕೊಂ‍ಡಲ್ಲಿಗೆ ನಡೆದುಕೊಂಡೇ ಹೊರಟೆವು. ಆಗ ಕಾಕಾರಿಗೇ ನನ್ನ ಪ್ರಶ್ನೆ ಕೇಳಿದೆ. ಊರೆಲ್ಲ ಕೇಳಿ ಇವರನ್ನೇ ಬಿಟ್ಟಿದ್ದೆ.

“ನಾ ಹೇಳಿದ್ರ ನಗ್ತಿ.”

“ನಗಂಗಿಲ್ಲ, ಹೇಳ್ರಿ.”

“ಆಗೆಲ್ಲ ಕೊನೀ ರಾತ್ರಿ ಬೆಳತನಕ ಇರ್ತಿತ್ತು. ಹಿಂದಿನ ರಾತ್ರಿ ಮೀರಜಿನ್ಯಾಗ ನಿದ್ದಿ ಇಲ್ಲ. ಮೂರು ಗಂಟೆ ಸುಮಾರಿಗೆ ಯಾರೋ ಸಿತಾರ ಬಾರಿಸ್ಲಿಕತ್ತಿದ್ರು, ಹಂಗ ಚಾದರದ ಮ್ಯಾಲ ಒರಗಿದೆ. ನಿದ್ದಿ ಹತ್ತಿಬಿಡ್ತು. ಆಮ್ಯಾಲ ಯಾವಾಗೋ ಎಚ್ಚರಾತು. ಕಣ್ಣು ತೆರೀಲಿಲ್ಲ. ಲಲಿತ ನಡೆದಿತ್ತು ತಮ್ಮಾ. ಎರಡೂ ಮಧ್ಯಮ ಬಾಜೂಕ ಬಾಜೂಕ ಬರ್ತಾವಲ್ಲ, ಅದರ ನಡುವ ಎದ್ದೆ ನಾನು. ರಾಗ ಎಲ್ಲಿ ಸುರು ಆತು, ಬಂದಿಶ್ ಯಾವುದು, ಒಂದೂ ಗೊತ್ತಿಲ್ಲ. ನನ್ನ ನಿದ್ದಿ ಒಳಗಿಂದನ ಎದ್ದು ಬಂದಂಗಿತ್ತು. ಮುಗಿಯೂತನಕ ಕಣ್ಣು ಮುಚ್ಚೇ ಇದ್ದೆ.”

“ಹಂಗಾದ್ರ ಯಾರು ಹಾಡಿದ್ರು ಅಂತ ಗೊತ್ತಾಗ್ಲೇ ಇಲ್ಲೇನು?”

ಕಾಕಾ ರಸ್ತೆಯ ನಡುವೆ ನಿಂತರು. “ಏ ಹುಚ್ಚಪ್ಪಾ, ಭೀಮಸೇನರ ಧ್ವನಿ ಗುರ್ತು ಹಿಡೀಲಿಕ್ಕೆ ಕಣ್ಣು ಯಾಕ ಬೇಕು?”

ನಕ್ಕೆ. ಮಾತು ತಪ್ಪಿದ್ದಕ್ಕೆ ಬೈಸಿಕೊಂಡೆ. ಹಳೆಯ ರಾತ್ರಿಗಳೆಲ್ಲ ಬಂಗಾರವಾಗಿದ್ದವೆಂದು ಕಾಕಾ ಕೂಡ ಹೇಳುವುದಿಲ್ಲ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಸರದಿ ಬಿದ್ದ ಎಷ್ಟೋ ಹೊಸಬರು ಗೊರಕೆಯ ಎದುರು ಹಾಡಿದ್ದಾರೆ. ಹೆಸರುವಾಸಿಗಳು ಬೇಕೆಂದೇ ತಡ ಮಾಡಿ ಕಿರಿಯರ ಹೊತ್ತು ತಿಂದದ್ದೂ ಉಂಟು. ಹೆಂಗಸರು ಒಬ್ಬೊಬ್ಬರೇ ಬಂದು ಬೆಳತನಕ ಕೂರುವುದು ಆಗ ಇಷ್ಟು ಸುಲಭವಿರಲಿಲ್ಲ.

ಭಾನುವಾರ, ಪುಣೆ

ಕೊನೆಯ ದಿನ ಮಧ್ಯಾಹ್ನವೇ ಶುರು. ರಾತ್ರಿ ಕಳೆದುಕೊಂಡದ್ದನ್ನು ಹಗಲಿನಿಂದ ತುಂಬಿಸಿಕೊಳ್ಳುವ ಈ ಉಪಾಯ ನನಗೆ ಇಷ್ಟವಾಯಿತು. ಬಿಸಿಲು ನೆತ್ತಿಗಿರುವಾಗ ಶುದ್ಧ ಸಾರಂಗ, ನಾಲ್ಕರ ಸುಮಾರಿಗೆ ಮುಲ್ತಾನಿ. ಮುಲ್ತಾನಿಯ ಕೋಮಲ ಗಾಂಧಾರ, ತೀವ್ರ ಮಧ್ಯಮಗಳು ಇಳಿಬಿಸಿಲಿನ ಚಪ್ಪರದಡಿ ಎಷ್ಟು ಸಹಜವಾಗಿದ್ದವೆಂದರೆ, ಈ ರಾಗ ಯಾಕೆ ಇಷ್ಟು ದಿನ ನನಗೆ ಕಹಿಯಾಗಿ ಕೇಳುತ್ತಿತ್ತು ಎಂಬುದು ತಿಳಿಯಲಿಲ್ಲ. ನಾನು ಕೇಳುತ್ತಿದ್ದ ಹೊತ್ತೇ ಬೇರೆ ಇತ್ತೇನೋ.

ಭೀಮಸೇನರ ನಂತರ ಹಲವು ವರ್ಷ ಉತ್ಸವದ ಮುಕ್ತಾಯ ಗಾಯಕಿ ಪ್ರಭಾ ಅತ್ರೆಯವರದು. ಅವರೂ 2024ರ ಜನವರಿ 13ರಂದು ಹೋದರು. ಆ ಕೊನೆಯ ಜಾಗದಲ್ಲಿ ಯಾರು ಕೂತರೂ ಕಾಕಾ ಹಿಂದಿನವರನ್ನೇ ನೆನೆಯುತ್ತಾರೆ. ಈ ಸಲವೂ ಅದೇ. ನನಗೆ ಹಾಡು ಹಿಡಿಸಿತು. ಅವರು “ಪರವಾಗಿಲ್ಲ” ಎಂದರು. ಅವರ ಬಾಯಲ್ಲಿ ಅದು ಸಣ್ಣ ಮಾತೇನಲ್ಲ.

ಎಲ್ಲ ಮುಗಿದ ಮೇಲೆ ಸವಾಯಿ ಗಂಧರ್ವರ ಹಳೆಯ ರೆಕಾರ್ಡು ಹಾಕುವುದು ಇಲ್ಲಿಯ ಪದ್ಧತಿ: ಭೈರವಿಯ ಠುಮರಿ, ‘ಬಿನ ದೇಖೇ ಪಡೇ ನಹೀ ಚೈನ್’. 78 ಸುತ್ತಿನ ತಟ್ಟೆಯ ಒಂದು ಮಗ್ಗುಲು, ಮೂರು ನಿಮಿಷ ಚಿಲ್ಲರೆ. ತಾಸುಗಟ್ಟಲೆ ಹಾಡುತ್ತಿದ್ದ ಮನುಷ್ಯನಿಂದ ಉಳಿದಿರುವುದು ಇಂಥ ಕೆಲವು ನಿಮಿಷಗಳೇ. ಅವರನ್ನು ಎದುರಿಗೆ ಕೂತು ಕೇಳಿದವರು ಆ ಚಪ್ಪರದಡಿ ಯಾರೂ ಇರಲಾರರು. ಆದರೂ ಜನ ಚಾದರ ಮಡಚುವುದನ್ನು ಬಿಟ್ಟು ನಿಂತರು. ರೆಕಾರ್ಡು ನಿಂತದ್ದೇ ತಡ, ನೂಕುನುಗ್ಗಲು. ಚಪ್ಪಲಿ ಹುಡುಕುವವರು, ಪಾರ್ಕಿಂಗಿಗೆ ಓಡುವವರು, ಮುಂದಿನ ವರ್ಷ ಇದೇ ಕಂಬದ ಹತ್ತಿರ ಎಂದು ಕೂಗಿ ಹೇಳುವವರು. ಬೆಳಗಾವಿಯ ಹುಡುಗಿ ಕಾಕಾರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಕೋಲ್ಡ್‌ಪ್ಲೇ ಮತ್ತೆ ಬಂದರೆ ನಿಮಗೊಂದು ಟಿಕೇಟು ನನ್ನದು ಅಂದಳು. ಎಷ್ಟೊತ್ತಿಗೆ ಮುಗೀತದ ಎಂದು ಕೇಳಿದರು ಕಾಕಾ.

ಗೇಟು ದಾಟುವಾಗ ಅವರು ನನ್ನ ತೋಳು ಹಿಡಿದರು. “ಕಲಕತ್ತಾದಾಗ ಡೋವರ್ ಲೇನ್ ಅಂತ ಅದ. ಜನವರ್ಯಾಗ. ನಜ್ರುಲ್ ಮಂಚ ಸಭಾಂಗಣದೊಳಗ ಇನ್ನೂ ರಾತ್ರಿ ಪೂರ್ತಿ ನಡೀತದಂತ. ಹೌದಿಲ್ಲೋ?”

“ಹೌದ್ರಿ ಕಾಕಾ.”

“ಹುಬ್ಬಳ್ಳಿ ಮ್ಯಾಲೆ ಅಮರಾವತಿ ಎಕ್ಸ್‌ಪ್ರೆಸ್ ಹೋಗ್ತದಲ್ಲ ಆ ಕಡೆ. ನೋಡು.”

ಗದ್ದಲದಲ್ಲೇ ಫೋನು ತೆಗೆದೆ. ಸ್ಲೀಪರ್ ಪೂರ್ತಿ ವೇಟಿಂಗ್ ಲಿಸ್ಟ್, ಮೂರನೇ ದರ್ಜೆ ಏಸಿಯಲ್ಲಿ ಎರಡು ಸೀಟು ಆರ್‌ಎಸಿ. ಒಂದೇ ಬರ್ತು ಇಬ್ಬರಿಗೆ, ಮಲಗುವ ಹಾಗಿಲ್ಲ, ಕೂತೇ ಹೋಗಬೇಕಾದೀತು ಎಂದೆ.

“ಮಾಡು ಮಾಡು” ಎಂದರು ಕಾಕಾ. “ನಿದ್ದಿ ಕಛೇರ್ಯಾಗ ಮಾಡಿದ್ರಾತು.”